ಕೆಂಪು ಕ್ಯಾಪಾ, ಆರೆಂಜ್ ಕ್ಯಾಪಾ?

ಕಳೆದ ತಿಂಗಳು ಬೆಂಗಳೂರಿಗೆ ಬಂದವನು ಹನುಮಂತನಗರದ ಅಕ್ಕನ ಮನೆಯಲ್ಲಿ ಮಜ್ಜಿಗೆಗೆಂದು ಫ್ರಿಜ್ ತೆಗೆದೆ. ಒಳಗೆ ಎರಡು ಇನ್ಸುಲಿನ್ ಬಾಟಲಿ. ಒಂದು ಭಾವನದು. ಇನ್ನೊಂದರ ಮೇಲೆ ಅಕ್ಕನ ಅಕ್ಷರದಲ್ಲಿ 'ಕರಿಯ' ಅಂತ ಚೀಟಿ. ಕರಿಯ ಅಂದರೆ ಅವಳ ಬೆಕ್ಕು.

"ಆರು ತಿಂಗಳಾಯ್ತಲ್ಲೋ ಶುಗರ್ ಬಂದು. ನಿಂಗೆ ಹೇಳಿರಲಿಲ್ವಾ?" ಅಂದಳು, ಒಗ್ಗರಣೆ ಸೌಟು ತಿರುಗಿಸುತ್ತಾ.

ನನಗೆ ಚುರುಕ್ ಅಂತು. ನ್ಯೂಜೆರ್ಸಿಯಲ್ಲಿ ನನ್ನ ಬೆಕ್ಕು ಗುಂಡನಿಗೆ ಶುಗರ್ ಬಂದು ಮೂರು ವರ್ಷ. ಅವತ್ತು ನಾನು ಮನೆಮಂದಿಗೆಲ್ಲ ಫೋನ್ ಮಾಡಿ ಗೋಳಾಡಿದ್ದೆ. ಇವಳಿಗೆ ಅದು ಹೇಳುವಷ್ಟು ದೊಡ್ಡ ವಿಷಯವೇ ಅಲ್ಲ! ನಮ್ಮ ವಂಶದಲ್ಲಿ ಶುಗರ್ ಇಲ್ಲದವರನ್ನು ಹುಡುಕಬೇಕು, ಈಗ ಬೆಕ್ಕುಗಳೂ ಸೇರಿಕೊಂಡವು ಅಷ್ಟೇ.

ಬೆಕ್ಕಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಇನ್ಸುಲಿನ್ ಬೇಕು. ನನ್ನ ಪಾಲಿಗೆ ಅದು ಬೆಳಿಗ್ಗೆ ಏಳು, ಸಂಜೆ ಏಳು. ಮೂರು ವರ್ಷದಿಂದ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತ್ ಬಡಿಸುವ ಮೊದಲೇ ಎದ್ದು ಬಂದಿದ್ದೇನೆ. ಮಾರ್ಚ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಆಚೀಚೆ ಮಾಡುತ್ತಾರೆ. ಗುಂಡನ ಮೈಗೆ ಅದೇನು ಗೊತ್ತು? ಪಕ್ಕದ ಮನೆಯಾಕೆ ಒಳ್ಳೆಯವರು, ಅವರಿಗೂ ಎರಡು ಬೆಕ್ಕುಗಳಿವೆ. ಎರಡು ದಿನ ಇಂಜೆಕ್ಷನ್ ಕೊಡ್ತೀರಾ ಅಂತ ಕೇಳಿದ್ದಕ್ಕೆ ಕೈ ಮುಗಿಯುವುದೊಂದು ಬಾಕಿ. ಏನಾದರೂ ಆದರೆ ಯಾರು ಹೊಣೆ ಅನ್ನುವ ಭಯ. ಕೊನೆಗೆ ದುಡ್ಡು ಕೊಟ್ಟು, ಎರಡು ಪುಟ ಸೂಚನೆ ಬರೆದು, ಸಹಿ ಹಾಕಿ ಒಬ್ಬರನ್ನು ಗೊತ್ತುಮಾಡಿದೆ.

ಇಲ್ಲಿ ಅಕ್ಕ ಭಾವ ಧರ್ಮಸ್ಥಳಕ್ಕೆ ಹೊರಟರು. ಬೀಗದ ಕೈ ಮಹಡಿ ಮನೆ ಆಂಟಿಗೆ. ನಾನಿದ್ದೀನಲ್ಲ ಅಂದರೆ, "ನೀನು ಸುಮ್ನೆ ನೋಡು" ಅಂದಳು ಅಕ್ಕ.

ನೋಡಿದೆ. ಆಂಟಿ ಬಂದವರೇ ಮೊದಲು ಕೇಳಿದ್ದು, "ಊಟ ಮಾಡಿದ್ನಾ?" ನನಗೆ ಡಾಕ್ಟರು ಅರ್ಧ ಗಂಟೆ ಕೂರಿಸಿ ಹೇಳಿಕೊಟ್ಟಿದ್ದೂ ಅದನ್ನೇ. ತಿನ್ನದ ಬೆಕ್ಕಿಗೆ ಎಂದಿನಷ್ಟೇ ಇನ್ಸುಲಿನ್ ಹೋದರೆ ಶುಗರ್ ಕುಸಿಯುತ್ತದೆ. ಬೆಕ್ಕು ತೂರಾಡುತ್ತದೆ, ಫಿಟ್ಸ್ ಕೂಡ ಬರಬಹುದು. ಆಂಟಿಗೆ ಇದು ಸ್ವಂತ ಅನುಭವ. ಸತ್ಯನಾರಾಯಣ ಪೂಜೆಯ ದಿನ ಇಂಜೆಕ್ಷನ್ ತಗೊಂಡು, ಮಂಗಳಾರತಿ ತಡವಾಗಿ, ಪ್ರಸಾದಕ್ಕೆ ಮೊದಲೇ ಕಣ್ಣು ಕತ್ತಲೆ ಬಂದು ಕುಸಿದಿದ್ದರಂತೆ. ಕರಿಯ ಬಟ್ಟಲಿನಲ್ಲಿ ಮುಖ ಹುದುಗಿಸಿದ್ದ. ಆಂಟಿ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಚುಚ್ಚಿದರು. ಅವನು ತಲೆಯೂ ಎತ್ತಲಿಲ್ಲ. "ದಿನಾ ನನ್ನ ಹೊಟ್ಟೆಗೇ ಚುಚ್ಕೋತೀನಿ, ಇವನದ್ಯಾವ ಲೆಕ್ಕ" ಅಂದು ಸೀರಿಯಲ್‌ಗೆ ಹೊತ್ತಾಯಿತೆಂದು ಮಹಡಿ ಹತ್ತಿದರು. ಮೊದಲ ವಾರವೆಲ್ಲ ನನ್ನ ಕೈ ನಡುಗಿದ್ದು ನೆನಪಾಗಿ ನಾಚಿಕೆಯಾಯಿತು.

ಮೆಡಿಕಲ್ ಶಾಪಿನ ಹುಡುಗನೂ ಹಾಗೇ. ಸಿರಿಂಜ್ ಕೇಳಿದರೆ, "ಕೆಂಪು ಕ್ಯಾಪಾ, ಆರೆಂಜಾ? ಬಾಟ್ಲಿ ನಲವತ್ತರದ್ದಾ, ನೂರರದ್ದಾ?" ಅಂದ. ಬೆಕ್ಕಿಗೆ ಅಂತ ಹೇಳಿದರೂ ಹುಬ್ಬೇರಿಸಲಿಲ್ಲ. ಇನ್ಸುಲಿನ್ ಈ ಊರಿನಲ್ಲಿ ಉಪ್ಪಿನಕಾಯಿಯಷ್ಟೇ ಮನೆಮಾತು. ಅಲ್ಲಿ ಗುಂಡನ ಕಾಯಿಲೆ ನನ್ನೊಬ್ಬನದು. ಇಲ್ಲಿ ಕರಿಯನ ಶುಗರ್ ಬೀದಿಗೆಲ್ಲ ಸೇರಿದ್ದು. ಕಾಯಿಲೆ ಬಿದ್ದರೆ ಇಲ್ಲೇ ಬೀಳಬೇಕು ಅನ್ನಿಸಿದ್ದು ಸುಳ್ಳಲ್ಲ.

ಆದರೂ ಒಂದೆರಡು ಮಾತು ಹೇಳಲೇಬೇಕು, ಅಕ್ಕ ಬೈದರೂ ಸರಿ. ಭಾವನ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಕರಿಯನದು ಗ್ಲಾರ್ಜಿನ್ ಅನ್ನುವ ಇನ್ಸುಲಿನ್, 100 ಯೂನಿಟ್, ಅದಕ್ಕೆ ಆರೆಂಜ್. ಎರಡೂ ಒಂದೇ ಸ್ಟೀಲ್ ಡಬ್ಬಿಯಲ್ಲಿದ್ದವು! ಅವನ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಒಂದರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಅವನ ಡೋಸೇ ಒಂದು ಯೂನಿಟ್. ಅವತ್ತೇ ಡಬ್ಬಿ ಬೇರೆ ಮಾಡಿದೆ.

ಆಂಟಿ "ಪಾಪ" ಅಂತ ಮೊಸರನ್ನ ಹಾಕುತ್ತಿದ್ದದ್ದೂ ಆಮೇಲೆ ಗೊತ್ತಾಯಿತು. ಬೆಕ್ಕಿಗೆ ಬೇಕಾದ್ದು ಮಾಂಸ. ಅನ್ನ ತಿಂದರೆ ಶುಗರ್ ಏರುತ್ತದೆ. ಮನೆಯಲ್ಲಿ ಶುಗರ್ ನೋಡುವ ಪದ್ಧತಿಯೂ ಇಲ್ಲ. "ನೀರು ಕುಡಿಯೋದು ಕಮ್ಮಿ ಮಾಡಿದಾನೆ, ಚೆನ್ನಾಗಿದಾನೆ" ಅನ್ನುತ್ತಾಳೆ ಅಕ್ಕ. ಅದೂ ಒಂದು ಲಕ್ಷಣವೇ, ಒಪ್ಪಿದೆ. ಆದರೆ ಕ್ಲಿನಿಕ್ಕಿನಲ್ಲಿ ಹೆದರಿಕೆಗೇ ಬೆಕ್ಕಿನ ಶುಗರ್ ಏರಿಬಿಡುತ್ತದೆ. ಅದಕ್ಕೇ ನಾನು ಮನೆಯಲ್ಲೇ ಗುಂಡನ ಕಿವಿಯಂಚಿಗೆ ಚುಚ್ಚಿ ನೋಡಿ ಬರೆದಿಡುತ್ತೇನೆ. ಒಂದು ಸಂಜೆ ಅಂಕಿ ತೀರಾ ಇಳಿದಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಡೋಸ್ ಇಳಿಸಿದರು. ನೋಡದೆ ಚುಚ್ಚಿದ್ದರೆ?

ಹೊರಡುವ ದಿನ ಬೆಳಿಗ್ಗೆ ಅಕ್ಕ ಸಿರಿಂಜ್ ಹಿಡಿದು ಬಂದಳು. ಭಾವ, "ನಾನು ಆಗ್ಲೇ ಹಾಕಿದ್ನಲ್ಲಾ" ಅಂದರು. ಮರುಕ್ಷಣವೇ, "ಅದು ನಿನ್ನೆಯೇನೋ" ಅಂದರು. ಬಿಟ್ಟುಬಿಡಿ, ಒಂದು ಹೊತ್ತು ತಪ್ಪಿದರೂ ಪರವಾಗಿಲ್ಲ, ಎರಡು ಸಲ ಹೋಗಬಾರದು ಅಂದೆ. ಗೋಡೆಯ ಪಂಚಾಂಗದ ಕ್ಯಾಲೆಂಡರಿಗೆ ದಾರ ಕಟ್ಟಿ ಪೆನ್ಸಿಲ್ ತೂಗುಹಾಕಿದೆ. ಚುಚ್ಚಿದವರು ಅಲ್ಲೇ ಗೀಟು ಹಾಕಬೇಕು. ಅಮೆರಿಕದ ಬುದ್ಧಿ ಅಂತ ಭಾವ ನಕ್ಕರು.

ಮೊನ್ನೆ ಅಕ್ಕ ಆ ಕ್ಯಾಲೆಂಡರಿನ ಫೋಟೋ ಕಳಿಸಿದ್ದಳು. ದಿನಕ್ಕೆರಡು ಗೀಟು, ಒಂದೂ ತಪ್ಪಿಲ್ಲ. ಏಕಾದಶಿಯ ಮನೆಯಲ್ಲಿ ಮಾತ್ರ ಆಂಟಿಯ ದುಂಡನೆಯ ಅಕ್ಷರ: "ಅನ್ನ ಹಾಕಿಲ್ಲ. ಬರೀ ಮೊಸರು."