ಇಳಿಯುವುದು ಸೇಂಟ್ ಪಾಲ್‌ನಲ್ಲಿ

ಶಿಕಾಗೊದಿಂದ ಮಿನಿಯಾಪೊಲಿಸ್‌ಗೆ ರೈಲಿನಲ್ಲಿ ಹೋಗಲು ಆಗುವುದಿಲ್ಲ. ಯಾರಾದರೂ ಹೋಗಿಬಂದೆ ಅಂದರೆ ಅವರು ಇಳಿದದ್ದು ಸೇಂಟ್ ಪಾಲ್‌ನಲ್ಲಿ ಅಂತ ತಿಳಿಯಬೇಕು. ಮಿನೆಸೋಟಾದ ಈ ಜೋಡಿ ಊರುಗಳಲ್ಲಿ ಹೆಸರು ಜಾಸ್ತಿ ಇರುವುದು ಮಿನಿಯಾಪೊಲಿಸ್‌ಗೆ. ಜನ ಜಾಸ್ತಿ, ಎತ್ತರದ ಕಟ್ಟಡವೂ ಜಾಸ್ತಿ. ರಾಜಧಾನಿಯ ಪಟ್ಟ ಮತ್ತು ರೈಲು ನಿಲ್ದಾಣ ಮಾತ್ರ ಸೇಂಟ್ ಪಾಲ್‌ನವು. ಮುಂದೆ ಸಿಯಾಟಲ್ ಕಡೆ ಹೋಗುವ ಎಂಪೈರ್ ಬಿಲ್ಡರ್ ರೈಲು ಮಿನಿಯಾಪೊಲಿಸ್‌ನ ಒಂದು ಮೂಲೆ ಹಾದೇ ಹೋಗುತ್ತದೆ. ನಿಲ್ಲುವುದಿಲ್ಲ, ಅಷ್ಟೇ.

ಶಿಕಾಗೊದಲ್ಲಿರುವ ನನ್ನ ತಮ್ಮನ ಮಗನಿಗೆ ಈ ಪ್ರಯಾಣ ಹಿಡಿಸಲಿಲ್ಲ. "ವಿಮಾನದಾಗ ಒಂದೂವರೆ ತಾಸಿನ ಹಾದಿ, ದೊಡ್ಡಪ್ಪ. ರೈಲಿನ್ಯಾಗ ಇಡೀ ದಿನ ಕುಂಡ್ರಬೇಕಾಗ್ತದ" ಅಂದ.

"ಕುಂಡ್ರಾಕ ಅಂತನ ಹೊಂಟೀನೋ" ಅಂದೆ.

ಇಡೀ ದಿನವೇನೂ ಬೇಕಾಗುವುದಿಲ್ಲ. 2024ರ ಮೇ 21ರಿಂದ ಬೋರಿಯಾಲಿಸ್ ಅಂತ ಹೊಸ ರೈಲು ಓಡುತ್ತಿದೆ. ಶಿಕಾಗೊದಿಂದ ಸೇಂಟ್ ಪಾಲ್‌ಗೆ ಸುಮಾರು 660 ಕಿ.ಮೀ., ಏಳೂವರೆ ತಾಸಿನ ದಾರಿ. ಹಳಿ ಸರಕು ಸಾಗಿಸುವ ಕಂಪನಿಯದು. ಹಾಗಾಗಿ ನಡುನಡುವೆ ಹೊಲದ ಮಧ್ಯೆ ನಿಂತರೆ ಯಾರೂ ಬೆಚ್ಚಿಬೀಳುವುದಿಲ್ಲ. ಹತ್ತಿದ ಮೇಲೆ ಕಂಡಕ್ಟರ್ ಬಂದು ಟಿಕೆಟ್ ನೋಡಿ, ನೀವು ಇಳಿಯುವ ಊರಿನ ಗುರುತು ಬರೆದ ಚೀಟಿಯೊಂದನ್ನು ತಲೆಯ ಮೇಲೆ ಸಾಮಾನು ಇಡುವ ಹಲಗೆಗೆ ಸಿಕ್ಕಿಸಿ ಹೋಗುತ್ತಾರೆ. ನಿದ್ದೆ ಹತ್ತಿದರೂ ಎಬ್ಬಿಸುವ ಜವಾಬ್ದಾರಿ ಅವರದು. ಜಾಗ ಬದಲಾಯಿಸಿದರೆ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಗಣಕಯಂತ್ರದ ಈ ಕಾಲದಲ್ಲೂ ಆ ಚೀಟಿ ಉಳಿದುಕೊಂಡಿರುವುದು ನನಗಂತೂ ಖುಷಿ ಕೊಟ್ಟಿತು.

ವಿಸ್ಕಾನ್ಸಿನ್ ದಾಟುವವರೆಗೆ ಜೋಳದ ಹೊಲ, ಕೆಂಪು ಕೊಟ್ಟಿಗೆ, ಮತ್ತೆ ಜೋಳದ ಹೊಲ. ನೋಡಬೇಕಾದದ್ದು ಡಬ್ಬಿಯ ಒಳಗೇ ಇತ್ತು. ಕಪ್ಪು ಹ್ಯಾಟಿನ ಗಂಡಸರು, ತಲೆಗೆ ಬಿಳಿ ಕುಲಾವಿ ಕಟ್ಟಿದ ಹೆಂಗಸರು ಇದ್ದ, ಆಮಿಶ್ ಅನ್ನುವ ಕ್ರೈಸ್ತ ಪಂಥದ ಕುಟುಂಬವೊಂದು ಮನೆಯಿಂದ ತಂದ ಬುತ್ತಿ ಬಿಚ್ಚಿ ಉಣ್ಣುತ್ತಿತ್ತು. ಕಾರು ಇಟ್ಟುಕೊಳ್ಳದ ಈ ಜನರಿಗೆ ದೂರದ ಊರಿಗೆ ಹೋಗಲು ರೈಲೇ ಆಸರೆ. ಅಮೆರಿಕದಲ್ಲಿ ರೈಲು ಹತ್ತುವವರು ಯಾರು ಅಂತ ಕೇಳುವವರು ಈ ದಾರಿಯಲ್ಲಿ ಒಮ್ಮೆ ಕೂತು ನೋಡಬೇಕು.

ಲಾ ಕ್ರಾಸ್ ಬಿಟ್ಟ ಕೂಡಲೇ ರೈಲು ಮಿಸಿಸಿಪ್ಪಿ ದಾಟುತ್ತದೆ. ಅಲ್ಲಿಂದ ಮುಂದೆ ಬಲಗಡೆ ಕಿಟಕಿಯಲ್ಲಿ ಕೂತವರೇ ಪುಣ್ಯವಂತರು. ಮೇಲಕ್ಕೆ ಹೋಗುವಾಗ ಹೊಳೆ ಬಹಳ ದೂರದವರೆಗೆ ಬಲಕ್ಕೇ ಇರುತ್ತದೆ. ವಿನೋನಾ ದಾಟಿದ ಮೇಲೆ ಹೊಳೆ ಅಗಲವಾಗುತ್ತಾ ಹೋಗಿ ಪೆಪಿನ್ ಅನ್ನುವ ಸರೋವರವೇ ಆಗಿಬಿಡುತ್ತದೆ. ನೀರಿನ ಮೇಲೆ ಸ್ಕೀ ಮಾಡುವ ಆಟ ಹುಟ್ಟಿದ್ದು ಇಲ್ಲೇ. 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಅನ್ನುವ ಹದಿನೆಂಟರ ಹುಡುಗ ಹಲಗೆ ಕಾಲಿಗೆ ಕಟ್ಟಿಕೊಂಡು ದೋಣಿಯ ಹಿಂದೆ ಜಾರಿದ. ವಯಸ್ಸೇ ಅಂಥದ್ದು, ಅಲ್ವಾ.

ಸೇಂಟ್ ಪಾಲ್‌ನ ಯೂನಿಯನ್ ಡಿಪೊ ಪೂರ್ತಿಯಾದದ್ದು 1923ರಲ್ಲಿ. ಮುಂದೆ ಸಾಲುಗಂಬ, ಒಳಗೆ ಎತ್ತರದ ಮಾಳಿಗೆ, ಉದ್ದಾನುದ್ದ ಕಾಯುವ ಕೋಣೆ. ಇಷ್ಟು ದೊಡ್ಡ ನಿಲ್ದಾಣಕ್ಕೆ ಹೋಗುವವು ಬರುವವು ಸೇರಿ ಬೆರಳೆಣಿಕೆಯ ರೈಲುಗಳು. 1971ರಲ್ಲಿ ಇಲ್ಲಿಗೆ ರೈಲು ಬರುವುದೇ ನಿಂತಿತ್ತು. ಆಗ ರೈಲು ಮಿನಿಯಾಪೊಲಿಸ್‌ನ ಪಾಲಾಯಿತು. 1978ರಲ್ಲಿ ಆ ಊರಿನ ನಿಲ್ದಾಣವನ್ನೂ ಕೆಡವಿದರು. ಆಮೇಲೆ ಎರಡೂ ಊರಿಗೆ ನಡುವಿನ ಮಿಡ್‌ವೇ ಅನ್ನುವ ಕಡೆ ಒಂದೇ ನಿಲ್ದಾಣ. 2014ರಲ್ಲಿ ಡಿಪೊ ರೈಲನ್ನು ವಾಪಸ್ ಕರೆಸಿಕೊಂಡಿತು.

ಈ ಊರುಗಳ ಜಗಳದ ಕಥೆ ಕೇಳಿದ ಮೇಲೆ ಇದೆಲ್ಲ ಏನೂ ಅಲ್ಲ ಅನಿಸಿತು. 1890ರ ಜನಗಣತಿಯಲ್ಲಿ ಯಾರು ದೊಡ್ಡವರು ಅನ್ನುವ ಹಟ ಹತ್ತಿತು. ಮಿನಿಯಾಪೊಲಿಸ್‌ನವರು ಸುಳ್ಳು ಲೆಕ್ಕ ಬರೆಯುತ್ತಿದ್ದಾರೆ ಅಂತ ಸೇಂಟ್ ಪಾಲ್‌ನವರು ದೂರು ಕೊಟ್ಟು ಗಣತಿದಾರರನ್ನೇ ಹಿಡಿಸಿದರು. ಮರು ಎಣಿಕೆ ನಡೆಯಿತು. ನೋಡಿದರೆ ದೂರು ಕೊಟ್ಟವರೂ ಸಾಚಾ ಅಲ್ಲ. ಮಿನಿಯಾಪೊಲಿಸ್‌ನ ಪಟ್ಟಿಯಿಂದ 18 ಸಾವಿರಕ್ಕೂ ಜಾಸ್ತಿ ಜನ ಮಾಯವಾದರು, ಸೇಂಟ್ ಪಾಲ್‌ನಿಂದ 9 ಸಾವಿರಕ್ಕೂ ಜಾಸ್ತಿ. ಸೇಂಟ್ ಪಾಲ್‌ನ ಲೆಕ್ಕದ ಪ್ರಕಾರ ನೂರಾರು ಜನ ರೈಲು ನಿಲ್ದಾಣದಲ್ಲೇ ಮನೆ ಮಾಡಿಕೊಂಡಿದ್ದರು! ಅದು ಈಗಿನದಕ್ಕಿಂತ ಮುಂಚಿನ ಡಿಪೊ. ರೈಲಿಗೆ ಕಾಯುತ್ತಾ ಕಾಯುತ್ತಾ ಅಲ್ಲಿನ ವಾಸಿಗಳೇ ಆದರೇನೋ.

1965ರಲ್ಲಿ ಗಡಿಯಾರದ ಜಗಳ. ಬೇಸಿಗೆಗೆ ಗಡಿಯಾರ ಒಂದು ತಾಸು ಮುಂದಿಡುವ ಪದ್ಧತಿ ಇದೆಯಲ್ಲ, ಸೇಂಟ್ ಪಾಲ್ ಅದನ್ನು ಮೇ 9ಕ್ಕೇ ಮಾಡಿತು. ಮಿನಿಯಾಪೊಲಿಸ್ 23ರವರೆಗೆ ಕಾದಿತು. ಎರಡು ವಾರ ಅಕ್ಕಪಕ್ಕದ ಊರುಗಳಲ್ಲಿ ಬೇರೆ ಬೇರೆ ಟೈಮು. ಬೆಳಗ್ಗೆ ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರ ಪಾಡು ಏನಾಗಿರಬೇಡ. 1961ರಲ್ಲಿ ಬೇಸ್‌ಬಾಲ್ ತಂಡ ಬಂದಾಗ ಯಾವ ಊರಿನ ಹೆಸರೂ ಬೇಡ ಅಂತ ಮಿನೆಸೋಟಾ ಟ್ವಿನ್ಸ್ ಅಂದರು. ಲಾಂಛನದಲ್ಲಿ ಇಬ್ಬರು ಆಟಗಾರರು ಹೊಳೆಯ ಆಚೀಚೆ ನಿಂತು ಕೈ ಕುಲುಕುತ್ತಾರೆ.

ನಾನು ಧಾರವಾಡದವನು. ಹುಬ್ಬಳ್ಳಿಯ ಹೆಸರು ಮೊದಲು ಬರುವ ಮಹಾನಗರಪಾಲಿಕೆಯಲ್ಲಿ ಬೆಳೆದವನಿಗೆ ಸೇಂಟ್ ಪಾಲ್ ಮೇಲೆ ಮಮತೆ ಹುಟ್ಟದೆ ಇದ್ದೀತೇ? ಆದರೆ ಎರಡು ಊರುಗಳಲ್ಲಿ ಯಾವುದು ಚೆಂದ ಅಂತ ಕೇಳಿದರೆ ನನ್ನ ಉತ್ತರ ನಡುವಿನ ದಾರಿ. ಉಣಕಲ್, ನವನಗರ ಬಿಟ್ಟು ಹುಬ್ಬಳ್ಳಿ-ಧಾರವಾಡ ತಿಳಿಯುವುದು ಹೇಗೆ?

ಇಲ್ಲಿ ಆ ನಡುವಿನ ದಾರಿ ಯೂನಿವರ್ಸಿಟಿ ಅವೆನ್ಯೂ. ಡಿಪೊ ಎದುರಿನಿಂದಲೇ ಗ್ರೀನ್ ಲೈನ್ ಅನ್ನುವ ನಗರ ರೈಲು ಹೊರಡುತ್ತದೆ. 2014ರ ಜೂನ್‌ನಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ, 1890ರಿಂದ 1950ರ ದಶಕದವರೆಗೆ ಇದೇ ರಸ್ತೆಯಲ್ಲಿ ಟ್ರಾಮ್ ಓಡುತ್ತಿತ್ತು. ಈಗಿನ ರೈಲು 11 ಮೈಲಿಗೆ ಮುಕ್ಕಾಲು ತಾಸು ತೆಗೆದುಕೊಳ್ಳುತ್ತದೆ. ರಸ್ತೆ ಮಧ್ಯದಲ್ಲೇ ಹೋಗುವುದರಿಂದ ಸಿಗ್ನಲ್ಲಿಗೂ ನಿಲ್ಲಬೇಕು. ನಿಧಾನ ಅಂತ ಊರಿನವರ ಗೊಣಗಾಟ ಇದ್ದದ್ದೇ.

ಆದರೆ ಇಲ್ಲಿ ರೈಲು ನಿಲ್ಲಲಿ ಅಂತ ಜನ ಹೋರಾಡಿದ್ದೂ ಉಂಟು. ಮೊದಲ ನಕ್ಷೆಯಲ್ಲಿ ವೆಸ್ಟರ್ನ್, ವಿಕ್ಟೋರಿಯಾ, ಹ್ಯಾಮ್ಲಿನ್ ಅನ್ನುವ ಮೂರು ನಿಲ್ದಾಣ ಇರಲೇ ಇಲ್ಲ. ಅಲ್ಲಿದ್ದವರು ಹೆಚ್ಚಾಗಿ ಬಡವರು, ಕಪ್ಪು ಜನ, ಏಷ್ಯಾದಿಂದ ಬಂದು ನೆಲೆಸಿದವರು. ಅವರ ಅನುಮಾನಕ್ಕೆ ಕಾರಣ ಇತ್ತು. ಇದರ ಪಕ್ಕದಲ್ಲೇ ರಾಂಡೋ ಅಂತ ಕಪ್ಪು ಜನರ ದೊಡ್ಡ ಬಡಾವಣೆ ಇತ್ತು. 1950-60ರ ದಶಕಗಳಲ್ಲಿ ಎರಡು ಊರು ಜೋಡಿಸುವ ಹೆದ್ದಾರಿ ಅದರ ಎದೆಯ ಮೇಲೇ ಹಾದುಹೋಯಿತು. ನೂರಾರು ಮನೆ ಹೋದವು. ಈ ಸಲ ರೈಲು ಬಂದು ಕಣ್ಣೆದುರೇ ಓಡಿಹೋದರೆ? ಪಟ್ಟು ಹಿಡಿದರು. ಮೂರೂ ನಿಲ್ದಾಣ ಸಿಕ್ಕವು.

ನಾನು ವೆಸ್ಟರ್ನ್‌ನಲ್ಲಿ ಇಳಿದೆ. ವಿಯೆಟ್ನಾಮಿನವರು, ಮಾಂಗ್ ಜನ ಅಂಗಡಿ ಇಟ್ಟ ಜಾಗ. ಲಾವೋಸ್‌ನ ಯುದ್ಧದಿಂದ ಓಡಿಬಂದ ಮಾಂಗ್ ಜನ ಸೇಂಟ್ ಪಾಲ್‌ನಲ್ಲಿ ಇರುವಷ್ಟು ಅಮೆರಿಕದ ಊರುಗಳಲ್ಲಿ ಅಪರೂಪ. ಅಂಗಡಿ ಮುಂದೆ ನಿಂಬೆಹುಲ್ಲು, ಬದನೆ, ಪುಟ್ಟ ಹಸಿಮೆಣಸಿನಕಾಯಿ ಗುಡ್ಡೆ. ನೂಡಲ್ಸ್ ಹಾಕಿದ ಸಾರು ತರಿಸಿಕೊಂಡೆ. ತರಕಾರಿಯದು ಅಂತ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಂಗಡಿಯಾಕೆ ನಕ್ಕು, ಮೆಣಸಿನಕಾಯಿ ತಟ್ಟೆಯನ್ನು ಮಾತ್ರ ಹತ್ತಿರ ಸರಿಸಿದಳು. ನನ್ನ ಮುಖದಲ್ಲೇ ಬರೆದಿರಬೇಕು.

ಮತ್ತೆ ಹತ್ತಿದ ಮೇಲೆ ಊರು ಬದಲಾಗುವ ಜಾಗ ಹುಡುಕುತ್ತಾ ಕೂತೆ. ಹೊಳೆಯೇ ಗಡಿ ಅಂತ ಬಹಳ ಜನ ತಿಳಿದಿರುತ್ತಾರೆ. ಈ ದಾರಿಯಲ್ಲಿ ಹಾಗಲ್ಲ. ಹೊಳೆ ಇನ್ನೂ ದೂರ ಇರುವಾಗಲೇ ಎಮೆರಾಲ್ಡ್ ಸ್ಟ್ರೀಟ್ ಅನ್ನುವ ಸಣ್ಣ ಬೀದಿಯಲ್ಲಿ ಸೇಂಟ್ ಪಾಲ್ ಮುಗಿದು ಮಿನಿಯಾಪೊಲಿಸ್ ಶುರು. ಇಷ್ಟೆಲ್ಲ ಜಗಳ ಮಾಡಿದವರ ಗಡಿ ದಾಟುವಾಗ ಒಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ. ಆಮೇಲೆ ಯೂನಿವರ್ಸಿಟಿ. ಆಮೇಲೆ ಎರಡು ಅಂತಸ್ತಿನ ಸೇತುವೆ, ಕೆಳಗೆ ರೈಲು ಮತ್ತು ವಾಹನ, ಮೇಲೆ ಸೈಕಲ್ಲು ಮತ್ತು ವಿದ್ಯಾರ್ಥಿಗಳು.

ಮಿನಿಯಾಪೊಲಿಸ್‌ನಲ್ಲಿ ನೋಡಲು ಬಹಳ ಇದೆ, ನೋಡಿದೆ. ನೆನಪಿನಲ್ಲಿ ನಿಂತದ್ದು ಸ್ಟೋನ್ ಆರ್ಚ್ ಸೇತುವೆ. ಜೇಮ್ಸ್ ಹಿಲ್ ಅನ್ನುವ ರೈಲ್ವೆ ದೊರೆ 1883ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇದು, ಹೊಳೆಯ ಮೇಲೆ ಬಾಗಿಕೊಂಡು ಹೋಗುತ್ತದೆ. ಎಂಪೈರ್ ಬಿಲ್ಡರ್ ಅನ್ನುವ ರೈಲಿನ ಹೆಸರು ಅವನ ಬಿರುದೇ. ಸೇತುವೆ ಮಿನಿಯಾಪೊಲಿಸ್‌ನಲ್ಲಿ ಕಟ್ಟಿಸಿದ, ಮನೆ ಮಾತ್ರ ಸೇಂಟ್ ಪಾಲ್‌ನ ಸಮ್ಮಿಟ್ ಅವೆನ್ಯೂದಲ್ಲಿ. ಜಾಣ. 1994ರಿಂದ ಅದು ನಡೆಯುವವರ, ಸೈಕಲ್ಲಿನವರ ಸೇತುವೆ. ಪಕ್ಕದಲ್ಲಿ ಸೇಂಟ್ ಆಂಥನಿ ಜಲಪಾತ, ದಡದಲ್ಲಿ ಹಳೇ ಹಿಟ್ಟಿನ ಗಿರಣಿಗಳು. 1878ರಲ್ಲಿ ಗೋಧಿ ಹಿಟ್ಟಿನ ಧೂಳಿಗೆ ಕಿಡಿ ತಾಗಿ ಒಂದು ಗಿರಣಿ ಸ್ಫೋಟಿಸಿ 18 ಜನ ಸತ್ತರು. ಮತ್ತೆ ಕಟ್ಟಿದ ಆ ಗಿರಣಿಯ ಗೋಡೆಗಳ ಒಳಗೇ ಈಗ ಮ್ಯೂಸಿಯಂ ಇದೆ.

ವಾಪಸ್ ಹೊರಡುವ ಬೋರಿಯಾಲಿಸ್ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಸೇಂಟ್ ಪಾಲ್ ಬಿಡುತ್ತದೆ. ಮಿನಿಯಾಪೊಲಿಸ್‌ನಲ್ಲಿ ಉಳಿದವರು ಡಿಪೊಗೆ ಬರಲು ಒಂದು ತಾಸು ಕೈಯಲ್ಲಿ ಇಟ್ಟುಕೊಳ್ಳಬೇಕು. ಹೋಟೆಲಿನ ಹುಡುಗ ಟ್ಯಾಕ್ಸಿ ಕರೆಯಲಾ ಅಂತ ಕೇಳಿದ, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಅಂದ. ರಾಂಡೋ ಮೇಲೆ ಹಾದುಹೋಗುವ ಹೆದ್ದಾರಿ ಅದೇ. ಬೇಡಪ್ಪ ಅಂದು ಗ್ರೀನ್ ಲೈನ್ ಹತ್ತಿದೆ. ಯೂನಿವರ್ಸಿಟಿಯ ಹುಡುಗರು ತುಂಬಿಕೊಂಡು ನಿಲ್ಲಲೂ ಜಾಗ ಇರಲಿಲ್ಲ. ಹ್ಯಾಮ್ಲಿನ್ ಹತ್ತಿರ ಒಂದು ಸೀಟು ಸಿಕ್ಕಿತು.