ಅಮ್ಮಾ, ಇದು ಪ್ರೆಸ್ಸಿನವರ ರೂಮು

ಇವತ್ತು ಬೆಳಿಗ್ಗೆ ಒಂದು ಉದ್ಘಾಟನೆಗೆ ಸಿಕ್ಕಿಹಾಕಿಕೊಂಡೆ. ಯಾರೂ ಕರೆದಿರಲಿಲ್ಲ. ತೀರಿಹೋದ ಅಪ್ಪನ ಹೆಸರಲ್ಲಿರುವ ತುಂಡು ತೋಟವನ್ನು ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮೂರನೇ ಸಲ ಅಲೆಯೋದಕ್ಕೆ ಅಂತ ಶಿರಸಿಯಿಂದ ಬಸ್ ಹತ್ತಿ ಹೋಗಿದ್ದೆ. ನಮ್ಮ ಜಿಲ್ಲೆಯದೇ ಒಂದು ತಾಲ್ಲೂಕು ಆಡಳಿತ ಸೌಧ. ಮೊದಲು ಮಿನಿ ವಿಧಾನಸೌಧ ಅಂತಿದ್ವಲ್ಲ, ಅದೇ. ಹೆಸರು ಬದಲಾಗಿದೆ, ಸೋರೋದು ಬದಲಾಗಿಲ್ಲ. ಯಾವ ಊರು ಅಂತ ಕೇಳಬೇಡಿ, ನನ್ನ ಫೈಲು ಇನ್ನೂ ಅಲ್ಲೇ ಇದೆ.

ಕೆಳಗಿನ ಮಹಡಿಯಲ್ಲಿ ಮೆಟ್ಟಿಲ ಪಕ್ಕದ ರೂಮಿಗೆ ಹೊಸ ಬಣ್ಣ, ಬಾಗಿಲಿಗೆ ರಿಬ್ಬನ್, ಮೇಲೆ ‘ಪತ್ರಕರ್ತರ ಕೊಠಡಿ’ ಅಂತ ಬೋರ್ಡು. ಹಾರ, ತುರಾಯಿ, ಶಿರಾ, ಉಪ್ಪಿಟ್ಟು. ನಮ್ಮವರೇ ಎಲ್ಲ. ನನ್ನ ಜೊತೆ ಒಂದೇ ಬೈಕಲ್ಲಿ ಮೂರು ಮೂರು ಜನ ಕೂತು ಸುದ್ದಿಗೆ ಓಡಿದವರು. ‘ಅಕ್ಕಾ ಬಾ, ಬಾ’ ಅಂತ ಒಳಗೆ ಎಳೆದುಕೊಂಡು ಹೋದರು. ಉಪ್ಪಿಟ್ಟು ತಿಂದೆ. ಸುಳ್ಳು ಯಾಕೆ, ಎರಡು ಸಲ ಹಾಕಿಸಿಕೊಂಡೆ.

ಸಿಟ್ಟು ಬಂದಿದ್ದು ಆಮೇಲೆ. ಅತಿಥಿಗಳು ಹೋದ ಮೇಲೆ ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಬಂದು, ಬಾಗಿಲ ಹತ್ತಿರದ ಖಾಲಿ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಒದ್ದೆ ಕೊಡೆ, ಕಾಗದಪತ್ರ ಕಟ್ಟಿದ ಪ್ಲಾಸ್ಟಿಕ್ ಚೀಲ. ನಮ್ಮ ಹುಡುಗ ಒಬ್ಬ, ಒರಟಾಗಿ ಏನಲ್ಲ, ನಯವಾಗಿಯೇ ಹೇಳಿದ: ‘ಅಮ್ಮಾ, ಇದು ಪ್ರೆಸ್ಸಿನವರ ರೂಮು.’ ಆ ಅಮ್ಮನಿಗೆ ಅರ್ಥವಾಗಲಿಲ್ಲ. ‘ಬಸ್ಸು ಮೂರು ಗಂಟಿಗದೆ ತಮ್ಮಾ, ಅಲ್ಲಿತನ ಇಲ್ಲೇ ಕೂತ್ಕಳ್ತೆ. ಮೊದ್ಲೂ ಇಲ್ಲೇ ಕೂರ್ತಿದ್ದೆ’ ಅಂದರು.

ಮೊದ್ಲೂ ಇಲ್ಲೇ ಕೂರ್ತಿದ್ದೆ! ನಾನು ಹೊರಗೆ ಬಂದು ಬಾಗಿಲ ಮೇಲಿನ ಗೋಡೆ ನೋಡಿದೆ. ಬೋರ್ಡಿನ ಎರಡೂ ಕಡೆ ಹೊಸ ಬಣ್ಣದಡಿಯಿಂದ ಹಳೆ ಅಕ್ಷರ ಇಣುಕ್ತಾ ಇದ್ದವು. ‘ಸಾರ್ವ’ ಒಂದು ತುದಿಗೆ, ‘ಕೊಠಡಿ’ ಇನ್ನೊಂದು ತುದಿಗೆ. ಸಾರ್ವಜನಿಕರ ವಿಶ್ರಾಂತಿ ಕೊಠಡಿ. ಜನ ಕೂರುವ ಜಾಗ ಕಿತ್ತು ಜನರ ಪರವಾಗಿ ಬರೆಯುವವರಿಗೆ ಕೊಟ್ಟಿದ್ದಾರೆ. ಬರೆಯುವವರು ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡಿದ್ದಾರೆ. ಇದು ಸುದ್ದಿ ಅಲ್ಲವಾ ಮಾರಾಯ್ರೆ? ಬೇರೆ ಯಾವುದಾದರೂ ಸಂಘದವರಿಗೆ ಕೊಟ್ಟಿದ್ದರೆ ನಾಳೆ ಬಾಕ್ಸ್ ಐಟಂ ಆಗ್ತಿತ್ತಾ ಇಲ್ಲವಾ?

ನಾನು ಅಲ್ಲೇ ಜಗಳ ತೆಗೆದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

17 ವರ್ಷ ಸ್ಟ್ರಿಂಜರ್, ಅಂದರೆ ಸಂಬಳವಿಲ್ಲದೆ ಗೌರವಧನಕ್ಕೆ ಬರೆಯುವ ಊರಿನ ವರದಿಗಾರ್ತಿ ಆಗಿದ್ದವಳು ನಾನು. ಶುರುವಿನಲ್ಲಿ ಸುದ್ದಿ ಬರೆದ ಕವರನ್ನು ಸಂಜೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ‘ಅಣ್ಣಾ, ಮರೀಬೇಡ’ ಅಂತ ಕೈ ಮುಗಿದವಳು. ಆಗ ನಮ್ಮ ಆಫೀಸು ಅಂದರೆ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತು, ಆಮೇಲೆ ಸೈಬರ್ ಕೆಫೆ, ಆಮೇಲೆ ಜೆರಾಕ್ಸ್ ಅಂಗಡಿ. ಈಗ ಜೆರಾಕ್ಸ್ ಅಂಗಡಿ ನನ್ನದೇ, ಅದು ಬೇರೆ ಮಾತು. ಅಲ್ಲೆಲ್ಲ ಕೂತಿದ್ದರಿಂದಲೇ ಸುದ್ದಿ ಸಿಗ್ತಿತ್ತು. ಅರ್ಜಿ ನಕಲು ಮಾಡಿಸೋಕೆ ಬಂದವನು ನಿಟ್ಟುಸಿರು ಬಿಟ್ಟರೆ ಸಾಕು, ಒಂದು ಕಾಲಂ ಸುದ್ದಿ. ಸರ್ಕಾರಿ ಕಟ್ಟಡದ ರೂಮಿನಲ್ಲಿ ಕೂತವನಿಗೆ ಬರೋದು ಪ್ರೆಸ್ ನೋಟು ಮಾತ್ರ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಇಲ್ಲಿ ಯಾವತ್ತೂ ಬರೆದಿಲ್ಲ.

ಕರಾವಳಿಯ ಒಂದು ಊರಲ್ಲಿದ್ದಾಗ ರೂಮು ಕೊಡಿ ಅಂತ ಮನವಿ ಬರೆದವಳು ನಾನೇ. ಮೊದಲ ಸಹಿಯೂ ನನ್ನದೇ. ಕಾರಣ ಶೌಚಾಲಯ. ಇಡೀ ದಿನ ಹೊರಗಿದ್ದರೆ ಹೆಂಗಸರ ಪಾಡು ಏನು ಅಂತ ನಮ್ಮ ಗಂಡಸು ವರದಿಗಾರರಿಗೆ ಹೇಳಿ ಹೇಳಿ ಸಾಕಾಗಿತ್ತು. ರೂಮು ಸಿಕ್ಕಿತು. ಒಂದು ಟೇಬಲ್ಲು, ನಾಲ್ಕು ಕುರ್ಚಿ, ಕಿರುಗುಡುವ ಒಂದು ಫ್ಯಾನು. ಬೀಗದ ಕೈ ಮಾತ್ರ ಆ ಕಚೇರಿಯ ಸಾಹೇಬರ ಜವಾನನ ಹತ್ತಿರ. ಸುಮಾರು ಎರಡು ತಿಂಗಳಾದ ಮೇಲೆ ನನಗೆ ಮರಳಿನ ಒಂದು ದಾಖಲೆ ಸಿಕ್ಕಿತು. ಪರವಾನಗಿ ಒಂದು ಕಡೆಗೆ, ಮರಳು ತೆಗೀತಿರೋದು ಇನ್ನೊಂದು ಕಡೆ. ಎಲ್ಲ ಕಾಗದ ಟೇಬಲ್ ಮೇಲೆ ಹರವಿಕೊಂಡು ಕೂತಿದ್ದೆ. ಸಾಹೇಬರು ಆ ದಾರಿಯಲ್ಲಿ ಹೋಗುವಾಗ ಬಾಗಿಲಿಗೆ ತಲೆ ಹಾಕಿ, ‘ಮೇಡಂ, ಫ್ಯಾನ್ ಸರಿ ಆಯ್ತಾ?’ ಅಂದರು. ಅಷ್ಟೇ. ಬೆದರಿಸಲಿಲ್ಲ, ಬೇಡ ಅನ್ನಲಿಲ್ಲ. ಕಾಗದ ನೋಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ನಾನು ಆ ಸುದ್ದಿ ಬರೆಯಲಿಲ್ಲ. ‘ಇನ್ನೂ ಸ್ವಲ್ಪ ಮಾಹಿತಿ ಬೇಕು’ ಅಂತ ನನಗೆ ನಾನೇ ಹೇಳಿಕೊಂಡು ಬ್ಯಾಗಿಗೆ ಹಾಕಿದೆ. ಈಗಲೂ ಮನೆಯ ಅಟ್ಟದಲ್ಲಿ ಇರಬೇಕು, ಗೆದ್ದಲು ಬಿಟ್ಟಿದ್ದರೆ.

ಹಾಗಾಗಿ ಯಾರಾದರೂ ‘ರೂಮು ತಗೊಂಡ ಮಾತ್ರಕ್ಕೆ ಮುಲಾಜಾ?’ ಅಂತ ಕೇಳಿದರೆ ಹೌದು ಅಂತೀನಿ. ಕಣ್ಣಾರೆ ಕಂಡಿದ್ದೀನಿ, ಕನ್ನಡಿಯಲ್ಲಿ.

ಇವತ್ತೂ ವಾದ ಬಂತು. ವಿಧಾನಸೌಧದಲ್ಲಿ ಪತ್ರಕರ್ತರಿಗೆ ಜಾಗ ಇಲ್ಲವಾ, ಸಂಸತ್ತಿನಲ್ಲಿ ಇಲ್ಲವಾ, ಅಮೆರಿಕದ ಶ್ವೇತಭವನದಲ್ಲೇ ಇದೆಯಲ್ಲ ಅಂತ. ಇದೆ ಸ್ವಾಮಿ. ರೂಸ್‌ವೆಲ್ಟ್‌ಗೋಸ್ಕರ 1933ರಲ್ಲಿ ಕಟ್ಟಿದ ಈಜುಕೊಳದ ಮೇಲೆ ನೆಲ ಹಾಸಿ 1970ರಲ್ಲಿ ನಿಕ್ಸನ್ ಪತ್ರಕರ್ತರಿಗೆ ಜಾಗ ಮಾಡಿಕೊಟ್ಟ. ಆದರೆ ಅದೇ ದೇಶದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ ಕಥೆಯನ್ನೂ ಓದಿ. 2025ರ ಶುರುವಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಎನ್‌ಬಿಸಿಯಂಥ ದೊಡ್ಡ ದೊಡ್ಡವರಿಗೇ ‘ನಿಮ್ಮ ಜಾಗ ಖಾಲಿ ಮಾಡಿ, ಬೇರೆಯವರಿಗೆ ಕೊಡಬೇಕು’ ಅಂದರು. ಅಕ್ಟೋಬರ್‌ನಲ್ಲಿ ಹೊಸ ಷರತ್ತು ಹಾಕಿದಾಗ ಹತ್ತಾರು ಪತ್ರಕರ್ತರು ಸಹಿ ಹಾಕೋದಿಲ್ಲ ಅಂತ ಪಾಸು ವಾಪಸ್ ಕೊಟ್ಟು, ಸಾಮಾನು ಕಟ್ಟಿಕೊಂಡು ಹೊರಗೆ ನಡೆದರು. ಅವರ ಹಿಂದೆ ಸಂಬಳ ಕೊಡುವ ಸಂಸ್ಥೆ ಇತ್ತು, ನಡೆದರು. ನಮ್ಮ ಹಿಂದೆ ಯಾರಿದ್ದಾರೆ?

ಅಷ್ಟು ದೂರ ಯಾಕೆ. ನಮ್ಮ ಶಿರಸಿಯವರೇ ಆದ ಕಾಗೇರಿಯವರು ವಿಧಾನಸಭೆ ಸ್ಪೀಕರ್ ಆಗಿದ್ದಾಗ, 2019ರ ಅಕ್ಟೋಬರ್ ಅಧಿವೇಶನದಲ್ಲಿ ಖಾಸಗಿ ಚಾನೆಲ್ಲುಗಳ ಕ್ಯಾಮೆರಾ ಸದನದೊಳಗೆ ಬೇಡ ಅಂದರಲ್ಲ, ಮರೆತುಹೋಯ್ತಾ? 2024ರ ಜುಲೈನಲ್ಲಿ ಸಂಸತ್ತಿನ ಆವರಣದಲ್ಲಿ ವರದಿಗಾರರನ್ನು ಗಾಜಿನ ಗೂಡಿನೊಳಗೆ ನಿಲ್ಲಿಸಿದರು. ಜಾಗ ಕೊಡುವವರು ಯಾರೋ, ಬಾಗಿಲು ಹಾಕುವವರೂ ಅವರೇ. ದಿಲ್ಲಿಯವರು ಗಲಾಟೆ ಮಾಡಿದರೆ ದೇಶಕ್ಕೆ ಕೇಳುತ್ತೆ. ತಾಲ್ಲೂಕಿನ ಸ್ಟ್ರಿಂಜರ್ ಗಲಾಟೆ ಮಾಡಿದರೆ ಅವನ ಪತ್ರಿಕೆಗೇ ಕೇಳಲ್ಲ.

ಸದನ ನಡೆಯುವಾಗ ನೋಡೋದಕ್ಕೆ ಜಾಗ ಬೇಕು, ಅದು ಹಕ್ಕು. ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡುವ ಕೆಡಿಪಿ ಸಭೆಯಲ್ಲಿ ಒಂದು ಕುರ್ಚಿ ಕೇಳಿ, ನಾನೂ ಬಂದು ಧರಣಿ ಕೂರ್ತೀನಿ. ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ನಾವು ಕೇಳದೆಯೇ ಕಚೇರಿಗಳು ತಾವಾಗಿ ಪ್ರಕಟಿಸಬೇಕಾದ್ದು ಏನೇನು ಅಂತ ಅದರ 4ನೇ ಕಲಮಿನಲ್ಲಿ ಪಟ್ಟಿಯೇ ಇದೆ. ಅದನ್ನು ಗೋಡೆಗೆ ಹಚ್ಚಿ ಅಂತ ಮನವಿ ಕೊಟ್ಟವರು ಎಷ್ಟು ಜನ? ಕಡತ ಕೇಳಬೇಕಾದ ಬಾಯಲ್ಲಿ ಕುರ್ಚಿ ಕೇಳ್ತಾ ಇದ್ದೀವಿ.

ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನದ ಭಾಷಣದಲ್ಲಿ 1843ರ ಮಂಗಳೂರು ಸಮಾಚಾರ, ಮೊಗ್ಲಿಂಗ್ ಅಂತ ಶುರು ಮಾಡಿ, ಕೊನೆಗೆ ಬಂದು ನಿಲ್ಲೋದು ನಿವೇಶನ ಮತ್ತು ಭವನದ ಬೇಡಿಕೆಗೆ. ವೇದಿಕೆಯ ಮೇಲೆ ಶಾಸಕರು, ಕೈಯಲ್ಲಿ ಮನವಿ. ನಮ್ಮ ದಿನಕರ ದೇಸಾಯರೂ ಪತ್ರಿಕೆ ನಡೆಸಿದವರೇ. ಬ್ರಿಟಿಷ್ ಸರ್ಕಾರ ಅವರಿಗೆ ರೂಮು ಕೊಡೋದಿರಲಿ, ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು.

ಬಡ ಸ್ಟ್ರಿಂಜರ್ ಎಲ್ಲಿ ಕೂತು ಬರೆಯಬೇಕು ಹಾಗಾದರೆ? ನ್ಯಾಯವಾದ ಪ್ರಶ್ನೆ. ಆದರೆ ತಪ್ಪು ಬಾಗಿಲಿಗೆ ಹೋಗಿ ಕೇಳ್ತಿದ್ದೀರಿ. ದೀಪಾವಳಿ ಪುರವಣಿಗೆ ಇಷ್ಟು ಜಾಹೀರಾತು ತಾ ಅಂತ ಟಾರ್ಗೆಟ್ ಕೊಡುವ ಮಾಲೀಕರನ್ನು ಕೇಳಿ. ನನಗೆ ಬರ್ತಿದ್ದ ‘ಗೌರವಧನ’ದಲ್ಲಿ ಗೌರವ ಎಷ್ಟಿತ್ತೋ ಗೊತ್ತಿಲ್ಲ, ಧನ ಪೆಟ್ರೋಲಿಗೂ ಸಾಲ್ತಿರಲಿಲ್ಲ. ಅದರ ವಿರುದ್ಧ ನಾವು ಯಾರೂ ಒಂದು ಸಾಲು ಬರೆಯಲಿಲ್ಲ. ಬರೆದರೆ ಹಾಕುವವರು ಯಾರು?

ಇನ್ನು ಶೌಚಾಲಯ. ನನ್ನದೇ ಹಳೆ ವಾದ, ಇವತ್ತು ಒಬ್ಬಳು ಹೊಸ ಹುಡುಗಿ ನನ್ನೆದುರಿಗೇ ಇಟ್ಟಳು. ಒಂದು ಕ್ಷಣ ಬಾಯಿ ಕಟ್ಟಿಹೋಯ್ತು. ಆಮೇಲೆ ಹೇಳಿದೆ, ತಂಗೀ, ಜೋಯಿಡಾದಿಂದಲೋ ಸಿದ್ದಾಪುರದ ಮೂಲೆಯಿಂದಲೋ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸರ್ಕಾರಿ ಕಚೇರಿಗೆ ಬರುವ ಹೆಂಗಸಿಗೂ ಅದೇ ಕಷ್ಟ. ನಿನಗೊಂದು ಬೀಗದ ಕೈ ಸಿಕ್ಕಿದ ದಿನ ಅವಳ ಕಷ್ಟ ನಿನಗೆ ಕಾಣೋದು ನಿಲ್ಲುತ್ತೆ. ನನಗೂ ಹಾಗೇ ಆಯ್ತು. ಆ ಹುಡುಗಿ ಏನೂ ಹೇಳಲಿಲ್ಲ. ಅವಳಿಗೆ ಒಪ್ಪಿಗೆ ಆಯ್ತು ಅಂತ ನನಗನ್ನಿಸಲಿಲ್ಲ.

ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ಕ್ಕೆ ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ಅದರ ಜೊತೆ ಕೊಚ್ಚಿಹೋಗಿದ್ದ ಕೇರಳದ ಆ ಲಾರಿ ಗಂಗಾವಳಿ ಹೊಳೆಯ ಮಣ್ಣಿನಡಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಈ ಜಿಲ್ಲೆಯ ಹುಡುಗರು ಮೊಬೈಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಮಳೆಯಲ್ಲಿ ನಿಂತೇ ಬರೆದರು. ಇವತ್ತು ರಿಬ್ಬನ್ ಹಿಡಿದು ನಿಂತವರಲ್ಲಿ ಅವರೂ ಇದ್ದರು. ಅದಕ್ಕೇ ಹೆಚ್ಚು ಉರೀತು.

ಆ ಅಮ್ಮ ಏನಾದರು ಅಂತ ಕೇಳ್ತೀರಿ. ನಾವು ಒಳಗೆ ಕೂಗಾಡ್ತಿರುವಾಗ ಅವರು ತಾವಾಗಿಯೇ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ಕರೆದರೆ, ‘ಬೇಡ ತಂಗೀ, ಒಳಗೆ ಗಲಾಟೆ’ ಅಂದರು.

ಸಂಜೆ ಬಸ್ಸಲ್ಲಿ ಬರುವಾಗ ನೋಡಿದೆ, ಪತ್ರಕರ್ತರ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆದಿದ್ದಾರೆ. ಉದ್ಘಾಟನೆಯ ಗ್ರೂಪ್ ಫೋಟೋದಲ್ಲಿ ಮಾತ್ರ ಇದ್ದೀನಿ, ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟು ಹಿಡಿದುಕೊಂಡು. ಸೋಮವಾರ ಮತ್ತೆ ಹೋಗಬೇಕು, ಪೌತಿ ಖಾತೆ ಆಗಿಲ್ಲ. ಮಡಚೋ ಕುರ್ಚಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಎರಡು ಬೇಕು.