ಸಿವುಡು ಕಟ್ಟಿದ ಕಬ್ಬಿಣದ ಕೊಕ್ಕು

ಕೊಯ್ಲು ಯಂತ್ರದ ಮಾತು ಬಂದರೆ ಎಲ್ಲರ ಬಾಯಲ್ಲೂ ಅಮೆರಿಕದ ಸೈರಸ್ ಮೆಕಾರ್ಮಿಕ್ ಹೆಸರೇ. 1831ರಲ್ಲಿ ವರ್ಜೀನಿಯಾದ ಹೊಲದಲ್ಲಿ ಓಡಿಸಿ ತೋರಿಸಿದ, 1834ರಲ್ಲಿ ಪೇಟೆಂಟ್ ಪಡೆದ, ಒಪ್ಪೋಣ. ಅದಕ್ಕೂ ಮೊದಲು, 1828ರಲ್ಲೇ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಕುದುರೆಗಳು ಹಿಂದಿನಿಂದ ತಳ್ಳುವ ಯಂತ್ರ ಮಾಡಿದ್ದ. ಅಮೆರಿಕದವನೇ ಆದ ಒಬೆಡ್ ಹಸಿಯ ಪೇಟೆಂಟ್ 1833ರದ್ದು. ಮೊದಲಿಗ ಯಾರು ಅನ್ನುವ ಜಗಳ ಹಾಗಿರಲಿ, ನನ್ನ ತಕರಾರು ಬೇರೆ. ಕೊಯ್ಯುವುದು ಆ ಕೆಲಸದಲ್ಲಿ ಸುಲಭದ ಭಾಗ.

ಕುಡುಗೋಲು ಹಿಡಿದವರಿಗೆ ಇದು ಗೊತ್ತಿರುತ್ತದೆ. ಕೊಯ್ದ ಪೈರನ್ನು ಹಿಡಿಹಿಡಿಯಾಗಿ ಅರಿ ಹಾಕುತ್ತ ಹೋಗುವುದು ಒಂದು ತೂಕ, ಅರಿ ಒಟ್ಟುಮಾಡಿ ಸಿವುಡು (ಪೈರಿನ ಕಟ್ಟು) ಕಟ್ಟಿ ಮೆದೆ ಹಾಕುವುದು ಇನ್ನೊಂದು ತೂಕ. ಮೆಕಾರ್ಮಿಕ್ ಯಂತ್ರದಲ್ಲಿ ಹಲ್ಲಿನ ಅಲಗು ಅತ್ತಿತ್ತ ಓಡಿ ಗೋಧಿ ಕತ್ತರಿಸುತ್ತಿತ್ತು, ಮೇಲೆ ತಿರುಗುವ ರೀಲು ಅದನ್ನು ಹಲಗೆಯ ಮೇಲೆ ಕೆಡವುತ್ತಿತ್ತು. ಅಲ್ಲಿಗೆ ಯಂತ್ರದ ಬುದ್ಧಿ ಮುಗಿಯಿತು. ಪಕ್ಕದಲ್ಲಿ ನಡೆಯುತ್ತಿದ್ದವನೊಬ್ಬ ಹಲ್ಲಿನ ಕೋಲಿನಿಂದ ಪೈರನ್ನು ಬದಿಗೆ ಎಳೆದುಹಾಕಬೇಕು. ನೇರ ಹಿಂದಕ್ಕೆ ಬಿಟ್ಟರೆ ಮುಂದಿನ ಸುತ್ತಿಗೆ ಕುದುರೆಗಳೇ ತುಳಿಯುತ್ತವೆ. ಹಿಂದೆ ಐದಾರು ಜನ ಬಗ್ಗಿ, ಬಾಚಿ, ಹುಲ್ಲನ್ನೇ ಹೊಸೆದು ಕಟ್ಟಬೇಕು. 1850ರ ದಶಕದಲ್ಲಿ ತಾನೇ ಎಳೆದುಹಾಕುವ ಕೈಗಳು ಬಂದವು. ಕೋಲು ಹಿಡಿದವನ ಕೆಲಸ ತಪ್ಪಿತು, ಕಟ್ಟುವವರ ಸೊಂಟನೋವು ಹಾಗೇ ಉಳಿಯಿತು.

ಈ ಸಮಸ್ಯೆಯ ಬುಡವನ್ನು ಸರಿಯಾಗಿ ಹಿಡಿದವರು ಇಲಿನಾಯ್‌ನ ಮಾರ್ಶ್ ಸಹೋದರರು. ಅವರ 1858ರ ಪೇಟೆಂಟಿನ ಯಂತ್ರದಲ್ಲಿ ಹಲಗೆಯ ಜಾಗಕ್ಕೆ ಓಡುವ ಕ್ಯಾನ್ವಾಸ್ ಬಂತು. ಅದು ಪೈರನ್ನು ದೊಡ್ಡ ಗಾಲಿಯ ಮೇಲಿಂದ ಎತ್ತಿ ಸೊಂಟದೆತ್ತರದ ಮೇಜಿಗೆ ತಂದು ಸುರಿಯುತ್ತಿತ್ತು. ಯಂತ್ರದ ಮೇಲೆಯೇ ನಿಂತ ಇಬ್ಬರು ಕಟ್ಟಿ ಕಟ್ಟಿ ಎಸೆಯುತ್ತಿದ್ದರು. ಬಗ್ಗುವುದು, ಓಡಾಡುವುದು, ಬಾಚುವುದು ಮೂರೂ ತಪ್ಪಿತು. ಮಾರ್ಶ್ ಸಹೋದರರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಕ್ಯಾನ್ವಾಸಿನ ಉಪದ್ರವ ಒಂದೆರಡಲ್ಲ. ರಾತ್ರಿ ಇಬ್ಬನಿಗೆ ನೆನೆದರೆ ಅದು ಕುಗ್ಗಿ ಬಿಗಿಯುತ್ತದೆ. ಸಂಜೆ ಬಕಲ್ ಸಡಿಲ ಮಾಡದೆ ಹೋದರೆ ಬೆಳಿಗ್ಗೆ ಹರಿದಿರುತ್ತದೆ. ಎರಡೂ ಅಂಚಿನ ಬಿಗಿ ಸಮ ಇಲ್ಲದಿದ್ದರೆ ಅದರ ಮೇಲಿನ ಅಡ್ಡಪಟ್ಟಿಗಳು ಓರೆಯಾಗಿ ಓಡಿ ಮುರಿಯುತ್ತವೆ. ಎಂಜಿನ್ ಅಂತೂ ಇಲ್ಲ. ಅಲಗಿಗೂ ಕ್ಯಾನ್ವಾಸಿಗೂ ಬಲ ಬರುವುದು ನೆಲದಲ್ಲಿ ಉರುಳುವ ಆ ದೊಡ್ಡ ಗಾಲಿಯಿಂದಲೇ. ಹಸಿ ಮಣ್ಣಿನಲ್ಲಿ ಗಾಲಿ ಉರುಳದೆ ಜಾರಿತೋ, ಕುದುರೆ ಮುಂದೆ ಹೋಗುತ್ತದೆ, ಅಲಗು ನಿಂತು ಪೈರು ಸಿಕ್ಕಿಹಾಕಿಕೊಳ್ಳುತ್ತದೆ.

ಆಮೇಲೆ, ಯಂತ್ರದ ಮೇಲೆ ನಿಂತು ಕಟ್ಟುತ್ತಿದ್ದ ಆ ಇಬ್ಬರನ್ನೂ ಇಳಿಸುವ ಪ್ರಯತ್ನ. ವಿಸ್ಕಾನ್ಸಿನ್‌ನ ವಿದಿಂಗ್ಟನ್ 1872ರಲ್ಲಿ ತಂತಿ ಸುತ್ತಿ ಹೊಸೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ, ಮೆಕಾರ್ಮಿಕ್ ಅದನ್ನೇ ಕೊಂಡುಕೊಂಡ. ಕಟ್ಟು ಗಟ್ಟಿ, ನಿಜ. ಆದರೆ ತುಂಡು ತಂತಿ ಹುಲ್ಲಿನೊಳಗೆ ಉಳಿದು ದನದ ಹೊಟ್ಟೆ ಸೇರಿತು, ಕಾಳಿನ ಜೊತೆ ಗಿರಣಿಗೂ ಹೋಯಿತು. ರೈತರು ಬೈದದ್ದರಲ್ಲಿ ತಪ್ಪಿಲ್ಲ.

ಹುರಿಯಲ್ಲಿ ಗಂಟು ಹಾಕುವುದನ್ನು ಪಳಗಿಸಿದವನು ಜಾನ್ ಆಪಲ್‌ಬಿ, 1870ರ ದಶಕದ ಕೊನೆಗೆ. ಕೊಯ್ಲು ಯಂತ್ರಗಳ ತಯಾರಕ ವಿಲಿಯಂ ಡೀರಿಂಗ್ ಧೈರ್ಯ ಮಾಡಿ 1880ರ ಸುಗ್ಗಿಗೆ ಇಂಥ ಸುಮಾರು 3,000 ಯಂತ್ರ ಇಳಿಸಿದ. ಕೆಲಸ ಹೀಗೆ ನಡೆಯುತ್ತದೆ: ಹುರಿಯ ಒಂದು ತುದಿಯನ್ನು ಕಚ್ಚುಗಳಿರುವ ಒಂದು ತಟ್ಟೆ ಮೊದಲೇ ಹಿಡಿದಿರುತ್ತದೆ. ಪೈರು ಒತ್ತೊತ್ತಾಗಿ ಸೇರಿ ಒಂದು ಸನ್ನೆಯನ್ನು ಅದುಮಿದಾಗ ಬಾಗಿದ ಸೂಜಿ ಕೆಳಗಿನಿಂದ ಎದ್ದು, ಸಿವುಡನ್ನು ಬಳಸಿ, ಇನ್ನೊಂದು ಎಳೆಯನ್ನು ಅದೇ ತಟ್ಟೆಗೆ ತಂದುಕೊಡುತ್ತದೆ. ಹಕ್ಕಿ ಕೊಕ್ಕಿನಂಥ ಕೊಂಡಿ ಒಂದು ಸುತ್ತು ತಿರುಗುತ್ತದೆ. ಎರಡೂ ಎಳೆ ಕೊಕ್ಕಿಗೆ ಸುತ್ತಿಕೊಳ್ಳುತ್ತವೆ. ಕೊಕ್ಕು ಬಾಯಿ ತೆರೆದು ಎಳೆಗಳನ್ನು ಕಚ್ಚುತ್ತದೆ, ಚಾಕು ಕತ್ತರಿಸುತ್ತದೆ. ಸುತ್ತಿದ ಕುಣಿಕೆ ಕೊಕ್ಕಿನಿಂದ ಜಾರಿ ಕಚ್ಚಿದ ತುದಿಗಳ ಮೇಲೆ ಬಿದ್ದರೆ ಗಂಟು. ಸಿವುಡು ಹೊರಗೆ.

ಭತ್ತದ ಹುಲ್ಲನ್ನು ಚೌಕ ಪೆಂಡಿ ಕಟ್ಟುವ ಇವತ್ತಿನ ಬೇಲರ್‌ನ ನಾಟರ್‌ನಲ್ಲೂ (ಗಂಟು ಹಾಕುವ ಭಾಗ) ಇದೇ ಕೊಕ್ಕು ತಿರುಗುತ್ತದೆ. (ಉಂಡೆ ಸುತ್ತುವ ಬೇಲರ್‌ಗಳಲ್ಲಿ ಸಾಮಾನ್ಯವಾಗಿ ಬರೀ ಸುತ್ತು, ಗಂಟಿಲ್ಲ.) ಪೆಂಡಿ ಬಿಚ್ಚಿಕೊಳ್ಳುತ್ತಿದ್ದರೆ ಸ್ಪ್ಯಾನರ್ ಎತ್ತುವ ಮೊದಲು ಬಿದ್ದ ಹುರಿಯ ತುದಿ ನೋಡಿ. ಒಂದೇ ಎಳೆಯಲ್ಲಿ ಗಂಟಿದ್ದರೆ ಇನ್ನೊಂದು ಕೊಕ್ಕಿಗೆ ಸಿಕ್ಕಿಲ್ಲ: ತಟ್ಟೆಯ ಹಿಡಿತ ಸಡಿಲ, ಇಲ್ಲವೇ ಸೂಜಿ ತನ್ನ ಜಾಗಕ್ಕೆ ಬರುತ್ತಿಲ್ಲ. ತುದಿ ನಾರುನಾರಾಗಿದ್ದರೆ ತಟ್ಟೆ ಅತಿ ಬಿಗಿ ಅಥವಾ ಚಾಕು ಮೊಂಡು. ಗಂಟು ಬಿದ್ದೂ ಕೊಕ್ಕಿನಲ್ಲೇ ಕೂತಿದ್ದರೆ ಕೊಕ್ಕಿನ ಸ್ಪ್ರಿಂಗ್ ಬಿಗಿ, ಅಥವಾ ಮಳೆಗಾಲದ ತುಕ್ಕು. ನುಣ್ಣನೆ ಪಾಲಿಶ್ ಪೇಪರ್‌ನಲ್ಲಿ ತಿಕ್ಕಿ ಹೊಳಪು ಬರಿಸಿ. ಕೈ ಹಾಕುವ ಮೊದಲು ಟ್ರಾಕ್ಟರ್ ಆಫ್ ಮಾಡಿ, ಸೂಜಿ ಯಾರ ಮುಲಾಜೂ ನೋಡುವುದಿಲ್ಲ.